ಹಸಿ ಮರಳಿನಂತೆ

ಮಾವನ ಬಲಗೈ ಹೆಬ್ಬೆರಳು ಸದಾ ತೋರುಬೆರಳನ್ನು ಉಜ್ಜುತ್ತಿತ್ತು, ಕಾಣದ ಮರಳನ್ನು ತಿಕ್ಕಿ ನೋಡುವ ಹಾಗೆ. ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯವರು. ನೆಂಟರಲ್ಲ, ಕರೆಯುವ ರೂಢಿ ಅಷ್ಟೇ. ಗೂಡ್ಸ್ ಗಾಡಿಯ ಡ್ರೈವರ್. ಮಳೆಗಾಲದಲ್ಲಿ ಏರು ಹತ್ತುವಾಗ ಎಂಜಿನ್ನಿನ ಗಾಲಿ ಒದ್ದೆ ಹಳಿಯ ಮೇಲೆ ನಿಂತಲ್ಲೇ ತಿರುಗುತ್ತದೆ. ಹಿಡಿತ ಸಿಗಲು ಗಾಲಿಯ ಮುಂದಿನ ಪೈಪಿನಿಂದ ಒಣ ಮರಳು ಉದುರಿಸಬೇಕು. ಹೀಗಾಗಿ ಯಾರ ಅಂಗಳದಲ್ಲಿ ಮರಳು ಕಂಡರೂ ಮುಷ್ಟಿ ತುಂಬಿ, "ಇದು ಗಾಲಿಗೆ ಆಗ್ಲಿಕ್ಕಿಲ್ಲ" ಎನ್ನುವರು.

"ಮಾವಾ, ಅವ ಮನೆ ಕಟ್ಟೂದು, ರೈಲು ಬಿಡೂದಲ್ಲ" ಎನ್ನುತ್ತಿದ್ದೆ ನಾನು.

"ಅದ್ಕೇ ಬಚಾವಾದ!"

ನಾನು ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಕಾಲ. ಒಂದು ಆಷಾಢದ ಮಧ್ಯಾಹ್ನ ಕಾಯ್ಕಿಣಿ ಊರಿನ ಗೆಳೆಯನ ಮನೆಯಲ್ಲಿದ್ದಾಗ ಹಳಿಯ ಕಡೆಯಿಂದ ಕಬ್ಬಿಣ ಕಿರುಚಿತು. ಹೋಗಿ ನೋಡಿದರೆ ಏರಿನಲ್ಲಿ ಗೂಡ್ಸ್ ನಿಂತಿದೆ, ಮಾವ ಕೆಳಗಿಳಿದು ಪೈಪಿಗೆ ಸರಳು ತುರುಕುತ್ತಿದ್ದಾರೆ. ಪೈಪಿನಿಂದ ಒಂದು ಹೆಂಟೆ ಬಿತ್ತು.

"ನೋಡಿದ್ಯಾ ತಮಾ? ಶೆಡ್ಡಿನವ್ರು ಹಸಿ ಮರಳು ತುಂಬಿ ಕಳ್ಸಿದ್ರು, ಪೈಪು ಕಟ್ಟಿತು. ಹೇಳಿದ್ರೆ ಕೇಳ್ಲಿಲ್ಲ."

ಮಾವ ಮರಳು ಬಿಡದೆ ಗಾಲಿ ತಿರುಗಿಸಿ ಹಳಿ ಸವೆಸಿದರೆಂದು ವಿಚಾರಣೆ ಶುರುವಾಯಿತು. ನಿವೃತ್ತಿಗೆ ಮುಂಚೆ ಆ ಕಳಂಕ ಹೋಗಬೇಕಿತ್ತು. ಹೊರಗಿನ ಸಾಕ್ಷಿ ನಾನೊಬ್ಬನೇ. ಬರೆದುಕೊಟ್ಟೆ: ಪೈಪಿನಿಂದ ಬಿದ್ದದ್ದು ಹಸಿ ಮರಳಿನಂತೆ ಕಂಡಿತು.

"'ಮರಳಿನಂತೆ' ಅಂದ್ರೆ ಎಂತದಾ? ಮರಳಲ್ದಾ?"

"ನಾ ಮುಟ್ಟಿ ನೋಡ್ಲಿಲ್ಲ ಮಾವಾ. ಕೆಸರೂ ಇರ್ಬಹುದು."

"ಪೈಪಿನೊಳಗೆ ಕೆಸರು ಎಲ್ಲಿಂದ ಬತ್ತದೆ, ನಿನ್ನ ಯೂನಿವರ್ಸಿಟಿಯಿಂದಾ?"

ಬೈದರೂ ಪದ ಹೊಡೆದುಹಾಕು ಎನ್ನಲಿಲ್ಲ. "ನೀ ಕಂಡಷ್ಟೇ ಬರ್ದೆ. ಆತು, ಬಿಡು" ಎಂದು ತಾವೇ ಕಾಗದ ಮಡಚಿ ಒಯ್ದರು. ಸಾಕ್ಷಿ ಖಚಿತವಿಲ್ಲವೆಂದು ಆರೋಪ ಹಾಗೆಯೇ ಉಳಿಯಿತು.

ಎಷ್ಟು ಸಲ ನೆನಪಿಸಿಕೊಂಡರೂ ಆ ಹೆಂಟೆ ಒಮ್ಮೆ ಮರಳಿನ ಬಿಳಿ, ಒಮ್ಮೆ ಕೆಸರಿನ ಕೆಂಪು. ಮಾವ ಮರಳು ಎಂದ ಮೇಲೆಯೇ ನನಗೆ ಮರಳು ಕಂಡಿತೋ ಏನೋ. ನನ್ನ ಮೇಲೆ ನನಗೇ ರೇಗುತ್ತದೆ. ವಿಚಾರಣೆ ನಡೆಸಿದ ರೈಲ್ವೆ ಕಚೇರಿಯವರ ಮೇಲೆ ಇನ್ನೂ ಹೆಚ್ಚು. ಅಂದೇ ಎಂಜಿನ್ನಿನ ಮರಳಿನ ಪೆಟ್ಟಿಗೆ ತೆರೆದು ಕೈ ಹಾಕಿದ್ದರೆ ನನ್ನ ಕಣ್ಣು ಯಾರಿಗೆ ಬೇಕಿತ್ತು?

ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಅವರ ಮನೆಯಂಗಳದಲ್ಲಿ ಜನ ಸೇರಿದ್ದಾಗ, ಜೊತೆಗೆ ಕೆಲಸ ಮಾಡಿದವರೊಬ್ಬರು, "ಒಳ್ಳೆ ಡ್ರೈವರ್, ಆ ಒಂದು ತಪ್ಪು ಬಿಟ್ರೆ" ಎಂದರು. ಮಾವನ ಹೆಂಡತಿ ತಲೆಯೆತ್ತಿ ನನ್ನ ಕಡೆ ನೋಡಿದರು.

"ತಪ್ಪು ಅವರದ್ದಲ್ಲ. ಮರಳು ಹಸಿಯಿತ್ತು. ನಾನು ನೋಡಿದ್ದೇನೆ" ಎಂದೆ.

ಯಾರೂ ಪುರಾವೆ ಕೇಳಲಿಲ್ಲ. ಆ ಮಾತು ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ.