ಮುತ್ತುಗದ ಕೆಂಪು

ಚನ್ನರಾಯನದುರ್ಗದ ಕೋಟೆಯ ತುದಿಬುರುಜೇ ಪೆದ್ದಣ್ಣನ ಕಚೇರಿ. ಕೆಳಗಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ಕೊಂಬು ಊದುವುದು ಅವನ ಕೆಲಸ. ಕೊಂಬು ಕೇಳಿದೊಡನೆ ಹುಲ್ಲು ಕೊಯ್ಯುವ ಹೆಂಗಸರು ಹೊರೆ ಬಿಟ್ಟು ಒಣಗಿದ ಕೆರೆಯಂಗಳಕ್ಕೆ ಓಡಬೇಕು. ೧೯೩೬ರಲ್ಲಿ ರೇಂಜರು ಅವನಿಗೊಂದು ಹಿತ್ತಾಳೆಯ ದುರ್ಬೀನು ಕೊಟ್ಟರು. ಕಣ್ಣಿಡುವ ತುದಿಗೆ ತಿರುಪಿ ಕೂರಿಸಲು ಎರಡು ಗಾಜು. ಒಂದು ದೂರದ್ದನ್ನು ಹದಿನೈದು ಪಟ್ಟು ಹತ್ತಿರ ತರುತ್ತಿತ್ತು, ಇನ್ನೊಂದು ನಲವತ್ತು ಪಟ್ಟು. ನಲವತ್ತು ಇರುವಾಗ ಹದಿನೈದು ಯಾಕೆಂದು ಪೆದ್ದಣ್ಣ ಚಿಕ್ಕದನ್ನು ಚೀಲಕ್ಕೆ ಹಾಕಿಬಿಟ್ಟ.

ಶಿವರಾತ್ರಿ ಕಳೆದ ವಾರ ಹಳ್ಳದ ಬದಿ ಬರಿಗಣ್ಣಿಗೆ ಕೆಂಪು ಕಂಡು ಕೊಂಬು ಊದಿದ. ಹೆಂಗಸರು ಬಿದ್ದೆದ್ದು ಓಡಿದರು. ನೋಡಿದರೆ ಬೆಂಕಿಯಲ್ಲ, ಅರಳಿದ ಮುತ್ತುಗದ ಹೂವು. ಅವರು ವಾಪಸು ಬರುವಷ್ಟರಲ್ಲಿ ದನಗಳು ಹೊರೆ ಮೇಯ್ದಿದ್ದವು.

"ಏನ್ ಪೆದ್ದಣ್ಣ, ನಾಳೀಕೆ ದಾಸವಾಳ ಕಂಡ್ರೂ ಊದ್ತೀಯಾ?" ನೆರೆಮನೆಯ ಹನುಮಕ್ಕ ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದಳು.

ಹೆಂಡತಿ ಬೊಮ್ಮಕ್ಕನೂ ನಕ್ಕಳು. "ಇನ್ಮ್ಯಾಲೆ ಕಣ್ಬುಟ್ಟು ನೋಡಿ ಊದು ಕಣಯ್ಯ."

ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಅದೇ ಹಳ್ಳದಲ್ಲಿ ಕೆಂಪು ಹೆಚ್ಚಿದಂತೆ ಕಂಡಿತು. ಈಚೆ ದಡದಲ್ಲಿ ಬೊಮ್ಮಕ್ಕ, ಹನುಮಕ್ಕ ಹುಲ್ಲು ಕೊಯ್ಯುತ್ತಿದ್ದರು. ಈ ಸಲ ಪೆದ್ದಣ್ಣ ಕೊಂಬು ಮುಟ್ಟಲಿಲ್ಲ. ಖಾತ್ರಿ ಮಾಡಿಕೊಳ್ಳಲು ನಲವತ್ತರ ಗಾಜಿನಲ್ಲಿ ನೋಡಿದ. ಕಂಡದ್ದು ತಟ್ಟೆಯಗಲದ ಮಬ್ಬು ನೋಟ. ಝಳಕ್ಕೆ ಎಲ್ಲವೂ ನೀರಿನಂತೆ ಅಲ್ಲಾಡುತ್ತಿತ್ತು. ಒಂದು ಕೊಂಬೆ, ಅದರ ಮೇಲೆ ಅದುರುವ ಕೆಂಪು. ಮುತ್ತುಗವೇ. ನಿರಾಳವಾಗಿ ಎಲೆಅಡಿಕೆ ಹಾಕಿಕೊಂಡ.

ಆಮೇಲೆ ಹೆಂಡತಿಯನ್ನು ನೋಡುವ ಮನಸ್ಸಾಯಿತು. ಆ ಕಿರಿದಾದ ನೋಟದಲ್ಲಿ ಎಷ್ಟು ಹುಡುಕಿದರೂ ಅವಳು ಸಿಗಲಿಲ್ಲ. ಬೇಸತ್ತು ಹದಿನೈದರ ಗಾಜು ತಿರುಪಿದ.

ಇಡೀ ಹಳ್ಳ ಒಮ್ಮೆಗೇ ಕಂಡಿತು. ಮುತ್ತುಗದ ಮರ, ಅದರ ಬುಡದಲ್ಲಿ ಉರಿ, ಬರಿಗಣ್ಣಿಗೆ ಬಿಸಿಲಲ್ಲಿ ಕರಗಿಹೋಗಿದ್ದ ತೆಳು ಹೊಗೆ. ಹೊಗೆ ವಾಲುತ್ತಿದ್ದ ಕಡೆ, ಬೆನ್ನು ಹಾಕಿ ಬಗ್ಗಿದ್ದ ಇಬ್ಬರು ಹೆಂಗಸರು.

ಎಲೆಅಡಿಕೆ ಉಗಿದು ಕೊಂಬು ಊದಿದ. ದುರ್ಬೀನಿನೊಳಗೆ ಹನುಮಕ್ಕ ಎದ್ದುನಿಂತಳು, ಹೋಗೋಗು ಎನ್ನುವಂತೆ ಬುರುಜಿನತ್ತ ಕೈ ಆಡಿಸಿದಳು, ಮತ್ತೆ ಕೊಯ್ಯಲು ಬಗ್ಗಿದಳು. ಪೆದ್ದಣ್ಣ ಉಸಿರು ಹೋಗುವಂತೆ ಊದುತ್ತಲೇ ಇದ್ದ. ಕೊನೆಗೆ ಬೊಮ್ಮಕ್ಕ ಕುಡುಗೋಲು ಎಸೆದು ಹನುಮಕ್ಕನ ರಟ್ಟೆ ಹಿಡಿದೆಳೆದಳು. ಅಷ್ಟರಲ್ಲಿ ಹೊಗೆ ಇಬ್ಬರನ್ನೂ ಮುಚ್ಚಿತು.

ಸಂಜೆ ಬೊಮ್ಮಕ್ಕ ಬುರುಜು ಹತ್ತಿ ಬಂದಳು. ಹುಬ್ಬು ಸುಟ್ಟಿತ್ತು. ಗಂಡ ಇನ್ನೂ ಕೊಂಬು ಹಿಡಿದೇ ಕೂತಿದ್ದ.

"ಹೂವಿಗಾದ್ರೆ ಅಷ್ಟೊತ್ತು ಊದ್ತಿರ್ನಿಲ್ಲ ನೀನು. ಅದ್ಕೇ ಅವ್ಳ್ನೂ ಎಳ್ಕೊಂಡು ಓಡ್ಬುಟ್ಟೆ. ಅಲ್ಲ, ಇಷ್ಟ್ ತಡ ಯಾಕ್ ಮಾಡ್ದೆ?"

ಪೆದ್ದಣ್ಣ ನಲವತ್ತರ ಗಾಜನ್ನು ಅವಳ ಕೈಗಿಟ್ಟ.

ಮುಂದೆ ಹನ್ನೊಂದು ವರ್ಷ ಅವನು ಅಲ್ಲೇ ಕಾವಲಿದ್ದ. ಹದಿನೈದರ ಗಾಜಿನ ತಿರುಪು ಬಿಗಿದುಹೋಗಿ ಬಿಚ್ಚಲು ಬರುತ್ತಿರಲಿಲ್ಲ. ಬುರುಜಿನ ಮೇಲೆ ಅವನು ಮತ್ತೆಂದೂ ಎಲೆಅಡಿಕೆ ಹಾಕಲಿಲ್ಲ.