ಗಿಡ್ಡಿ ಗೆದ್ದಳೋ ಇಲ್ಲವೋ

ಅತ್ತೆಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ಮೈಸೂರಿನಿಂದ ಅಮೆರಿಕಕ್ಕೆ, ಹರ್ನ್‌ಡನ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದವರು, ಮೊದಲ ವಾರವೇ ನನ್ನ ಮಸಾಲೆ ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿದರು. ಅವರು ಸ್ನಾನಕ್ಕೆ ಹೋದಾಗ ನಾನು ಮತ್ತೆ ಮೊದಲಿನಂತೆ ಇಡುತ್ತಿದ್ದೆ. ಇಬ್ಬರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.

ಒಂದು ಶನಿವಾರ ಸೆಂಟರ್‌ವಿಲ್‌ನ ಇಂಡಿಯನ್ ಸ್ಟೋರಿಗೆ ಹೋದಾಗ, ನನ್ನ ಸಿಡುಕು ಮುಖ ನೋಡಲಾರದೆ ಅತ್ತೆ ಪಕ್ಕದ ವಿಡಿಯೋ ಗೇಮ್ ಅಂಗಡಿಗೆ ನುಗ್ಗಿದರು. ಮೂಲೆಯಲ್ಲಿ ನಾಣ್ಯ ಹಾಕಿ ಆಡುವ ಜಪಾನಿನ ಹಳೇ ಮೆಷಿನ್ ಇತ್ತು. ಯಾವುದೋ ಕಾಮಿಕ್ಸ್ ಆಧರಿಸಿದ ಹುಡುಗಿಯರ ವಾಲಿಬಾಲ್ ಆಟ. ಒಂದೊಂದು ಮ್ಯಾಚ್ ಗೆದ್ದಂತೆ ಕಥೆಯ ಮುಂದಿನ ಚಿತ್ರಗಳು ಬರುತ್ತಿದ್ದವು. ಕಾಲೇಜಿನಲ್ಲಿ ಥ್ರೋಬಾಲ್ ಕ್ಯಾಪ್ಟನ್ ಆಗಿದ್ದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತೇಬಿಟ್ಟರು. ಥ್ರೋಬಾಲಿನಲ್ಲಿ ಚೆಂಡು ಹಿಡಿದು ಎಸೆಯಬೇಕು, ಇಲ್ಲಿ ಹಿಡಿಯುವ ಹಾಗಿಲ್ಲ. ಕೈಗೆ ಬರಲಿ ಎಂದು ಅವರು ಕಾಯುವಷ್ಟರಲ್ಲಿ ಚೆಂಡು ನೆಲ ಕಂಡಿರುತ್ತಿತ್ತು.

"ಹಿಡಿಯೋಕೆ ಹೋಗ್ಬೇಡಿ ಅತ್ತೆ, ಹೊಡೀರಿ."

"ಹಿಡೀದೆ ಹೆಂಗೆ ಎಸೆಯೋದು? ಏನ್ ಆಟಾನೋ ಇದು."

ಆಮೇಲೆ ಪ್ರತಿ ಶನಿವಾರ ನನಗಿಂತ ಮೊದಲು ಅವರೇ ಶೂ ಹಾಕಿಕೊಂಡು ನಿಂತಿರುತ್ತಿದ್ದರು. ಜಪಾನಿ ಅಕ್ಷರ ಇಬ್ಬರಿಗೂ ಬಾರದು. ಚಿತ್ರ ನೋಡಿಕೊಂಡು ಅತ್ತೆಯೇ ಕಥೆ ಕಟ್ಟಿದರು. ತಂಡದ ಕುಳ್ಳ ಹುಡುಗಿಗೆ ತಾಯಿ ಇಲ್ಲ, ಮಲತಾಯಿ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ. ಅವಳನ್ನು ಗಿಡ್ಡಿ ಎಂದು ಕರೆದರು. ಇಬ್ಬರೂ ಸೇರಿ ಸೆಮಿಫೈನಲ್ ಗೆದ್ದ ದಿನ ನನ್ನ ಭುಜ ಹಿಡಿದು ಕುಣಿದರು. ಫೈನಲ್ ಮಾತ್ರ ದಕ್ಕಲಿಲ್ಲ.

ಹೊಟ್ಟೆನೋವೆಂದು ಶುರುವಾದದ್ದು ಕ್ಯಾನ್ಸರ್ ಆಗಿತ್ತು. ವಿಸಿಟರ್ ಇನ್ಶೂರೆನ್ಸ್ ಅದಕ್ಕೆಲ್ಲ ಬರುವುದಿಲ್ಲ. ನನ್ನ ಗಂಡ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದರು. ಗಂಡನ ವೀಸಾ ಇನ್ನೂ ಇತ್ತು, ನನ್ನದು ಮುಗಿದಿತ್ತು; ಇಲ್ಲಿರಲು ಅಡ್ಡಿಯಿಲ್ಲ, ಹೊರಗೆ ಹೋದರೆ ಮಾತ್ರ ಹೊಸದು ಹಾಕಿಸಿಕೊಂಡೇ ಬರಬೇಕು. ಸ್ಟ್ಯಾಂಪಿಂಗ್‌ಗೆ ಕಾನ್ಸುಲೇಟಿನಲ್ಲಿ ಸ್ಲಾಟ್ ಸಿಗದೆ ದೇಶ ಬಿಟ್ಟರೆ ವಾಪಸ್ ಬರುವುದು ಯಾವಾಗಲೋ, ಕೆಲಸ ಉಳಿಯುವುದೋ ಇಲ್ಲವೋ. ನಾನು ಇಲ್ಲೇ ಉಳಿದೆ.

ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅದೊಂದೇ ಪ್ರಶ್ನೆ. "ಗಿಡ್ಡಿ ಗೆದ್ಲೇನಮ್ಮ?"

ಆಡಿ ಗೆದ್ದು ಹೇಳೋಣವೆಂದು ಹೋದರೆ ಅಂಗಡಿಯೇ ಮುಚ್ಚಿತ್ತು. ಜಪಾನಿ ಬಲ್ಲ ಸಹೋದ್ಯೋಗಿಯ ಹತ್ತಿರ ಕಾಮಿಕ್ಸ್ ಹುಡುಕಿಸಿದೆ. ಅದು ಬರುತ್ತಿದ್ದ ಪತ್ರಿಕೆ ನಿಂತು, ಕಥೆ ಫೈನಲ್‌ಗೆ ಮೊದಲೇ ಮೊಟಕಾಗಿತ್ತು. ಕೊನೆ ಇದ್ದದ್ದು ಆ ಆಟದಲ್ಲಿ ಮಾತ್ರ, ಆ ಆಟದ ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಅಂಗಡಿಯವನನ್ನು ಕಾಡಿ ಬೇಡಿದ ಮೇಲೆ, ಮೆಷಿನ್ನನ್ನು ಷಾರ್ಲಟ್ ಕಡೆಯವನೊಬ್ಬನಿಗೆ ಮಾರಿದೆ ಎಂದ. ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಅವನ ಗ್ಯಾರೇಜಿನಲ್ಲಿ ಪೆಟ್ಟಿಗೆ ಇತ್ತು, ಒಳಗೆ ಬೇರೆ ಆಟವಿತ್ತು. ನಮ್ಮ ಆಟವಿದ್ದ ಹಳೇ ಬೋರ್ಡು ಕೆಟ್ಟಿತ್ತೆಂದು ಎಸೆದನಂತೆ. ನಾನು ಅಲ್ಲೇ ಬಿಕ್ಕಿದೆ. ಪಾಪ, ಆ ಮನುಷ್ಯ ಗಾಬರಿಯಾಗಿ ನೀರು ತಂದುಕೊಟ್ಟ.

ಮರುದಿನ ಬೆಳಿಗ್ಗೆ ಅತ್ತೆಗೆ ಕಾಲ್ ಮಾಡಿದೆ.

"ಗೊತ್ತಾಗ್ಲಿಲ್ಲ ಅತ್ತೆ. ಷಾರ್ಲಟ್‌ವರೆಗೂ ಹೋಗಿದ್ದೆ. ಆ ಆಟಾನೇ ಇಲ್ಲ ಈಗ."

"ಎಷ್ಟು ದೂರ ಅದು?"

"ಆರೇಳು ಗಂಟೆ ಡ್ರೈವ್."

ಅವರು ದಿಂಬಿನ ಮೇಲೆ ಮುಖವನ್ನು ಆ ಕಡೆ ತಿರುಗಿಸಿದರು. "ಅಯ್ಯೋ ಹುಚ್ಚಿ, ಅವಳು ಗೆದ್ರೇನು ಸೋತ್ರೇನು. ನೀನು ಬಾ ಅಂತ ಕೇಳೋಕೆ ಬಾಯಿ ಬರ್ತಿರ್ಲಿಲ್ಲ, ಅದಕ್ಕೆ ಅದನ್ನ ಕೇಳ್ತಿದ್ದೆ."

ಕೆಲಸ ಹೋದರೆ ಹೋಗಲಿ ಎಂದು ಆವತ್ತೇ ಟಿಕೆಟ್ ಬುಕ್ ಮಾಡಿದೆ. ದೋಹಾದಲ್ಲಿ ಇಳಿದು ಫೋನ್ ಆನ್ ಮಾಡಿದಾಗ ಗಂಡನ ಮೆಸೇಜ್ ಇತ್ತು.

"ನಿಧಾನಕ್ಕೆ ಬಾ. ಇನ್ನೇನೂ ಅವಸರ ಇಲ್ಲ."