ರಹಮತ್ ಸರ್ ಟಾರ್ಚು

ರಹಮತ್ ಸರ್ ಮದುವೆಗೆ ಬಂದರೆಂದರೆ ಬಿಳಿ ಅಂಗಿಯವರಿಗೆಲ್ಲ ಗ್ರಹಚಾರ. ಶಾದಿಮಹಲಿನ ಮಬ್ಬು ಮೂಲೆಯಲ್ಲಿ ಕೂತು ಜೇಬಿನಿಂದ ನೇರಳೆ ಬೆಳಕಿನ ಪುಟ್ಟ ಟಾರ್ಚು ತೆಗೆದು ಅವರ ಮೇಲೆ ಬಿಡುವರು. ಅಂಗಿಗಳು ನೀಲಿಯಾಗಿ ಹೊಳೆಯುತ್ತಿದ್ದವು. "ಇದು ಬಿಳುಪಲ್ಲ ಮಾರಾಯ, ಸೋಪಿನ ಪುಡಿಯಲ್ಲಿರೋ ಬಣ್ಣ!" ಎಂದು ನಗುವರು. ಅವರ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದರು.

ಭದ್ರಾವತಿಯ ಲಾರಿ ಮೆಕ್ಯಾನಿಕ್ ಒಬ್ಬರ ಮಗ, ಶಿವಮೊಗ್ಗದಲ್ಲಿ ರಸಾಯನಶಾಸ್ತ್ರದ ಪ್ರೊಫೆಸರು. ಜೀವಕೋಶದೊಳಗೆ ಹೊಕ್ಕು ಹೊಳೆಯುವ ಬಣ್ಣಗಳನ್ನು ತಯಾರಿಸುವುದು, ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ತೆಗೆಯುವುದು, ಇದೇ ಅವರ ಜೀವಮಾನದ ಕೆಲಸ. ಅಂಥದೊಂದು ನೀಲಿ ಬಣ್ಣದಿಂದ ಅವರಿಗೆ ದೊಡ್ಡ ಹೆಸರು ಬಂದಿತ್ತು. ನಾನು ಪಿಎಚ್‌ಡಿಗೆ ಸೇರಿದಾಗ ಅದನ್ನೇ ಮುಂದುವರಿಸಲು ಕೊಟ್ಟರು.

ಒಂದು ದಿನ, ಬಣ್ಣವನ್ನೇ ಹಾಕದ ಕೋಶಗಳೂ ಹೊಳೆದವು. ಹೊಸ ಗಾಜಿನ ಪಟ್ಟಿಯ ಮೇಲಿಟ್ಟರೆ ಬಣ್ಣ ಹಾಕಿದರೂ ಹೊಳಪಿಲ್ಲ. ಹಳೆಯ ಪಟ್ಟಿಗಳನ್ನು ನಮ್ಮ ಲ್ಯಾಬಿನಲ್ಲಿ ಮೊದಲಿನಿಂದಲೂ ತೊಳೆಯುತ್ತಿದ್ದುದು ಬಟ್ಟೆ ಸೋಪಿನ ಪುಡಿಯಲ್ಲಿ! ಇಷ್ಟು ದಿನ ಹೊಳೆದದ್ದು ಸರ್ ಬಣ್ಣವಲ್ಲ, ಗಾಜಿಗಂಟಿದ ಸೋಪು. ಊರವರ ಅಂಗಿಗೆಲ್ಲ ಟಾರ್ಚು ಬಿಟ್ಟವರು ತಮ್ಮ ಗಾಜಿಗೆ ಬಿಟ್ಟಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಹೇಳಿದರೆ ಸರ್ ಹೆಸರು ಹೋಗುತ್ತದೆ, ಜೊತೆಗೆ ನನ್ನ ಪಿಎಚ್‌ಡಿಯೂ. ಎರಡು ತಿಂಗಳು ಚಿತ್ರಗಳನ್ನು ಬೀರುವಿನಲ್ಲಿ ಮುಚ್ಚಿಟ್ಟೆ. ಕೊನೆಗೆ ಒಂದು ದಿನ ಧೈರ್ಯ ಮಾಡಿ, ತಾರೀಕು ಹಾಕಿದ್ದ ಆ ಚಿತ್ರಗಳನ್ನು ಅವರ ಮುಂದಿಟ್ಟೆ. ಸರ್ ಹಳೆಯ ಪಟ್ಟಿಗೆ ಟಾರ್ಚು ಹಿಡಿದರು. ಮುಖ ಕಪ್ಪಿಟ್ಟಿತು.

"ಅವತ್ತೇ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಹೆದರಿಕೆ ಆಯ್ತು ಸರ್."

"ಅರೆ, ನಾನು ಅಷ್ಟು ಕೆಟ್ಟ ಮೇಷ್ಟ್ರಾ?" ಎಂದರು. ಬೈದಿದ್ದರೆ ವಾಸಿಯಿತ್ತು.

ಅದೇ ವಾರ ಅವರು ಆ ನೀಲಿ ಬಣ್ಣದ ಬಗ್ಗೆ ಹಿಂದೆ ಪ್ರಕಟಿಸಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡರು. ತಪ್ಪು ಕಂಡುಹಿಡಿದವಳು ನಾನೆಂದು ನನ್ನ ಹೆಸರನ್ನೂ ಬರೆದರು. ಇನ್ನೇನು ಬಂತು ಎನ್ನುವಂತಿದ್ದ ಪ್ರಶಸ್ತಿ ಅವರಿಗೆ ಬರಲಿಲ್ಲ. ನನಗೆ ಬೇರೆ ವಿಷಯ ಕೊಟ್ಟು, ಪಕ್ಕದಲ್ಲೇ ನಿಂತು ಪಿಎಚ್‌ಡಿ ಮಾಡಿಸಿದರು.

ನಿವೃತ್ತರಾಗಿ ಭದ್ರಾವತಿಗೆ ಹೋದ ಮೇಲೆ ನೋಡಲು ಹೋಗಿದ್ದೆ. ಆ ಹೊತ್ತಿಗೆ ನಾನೂ ಮೇಷ್ಟ್ರಾಗಿದ್ದೆ. ಟೀ ಕೊಡುತ್ತಾ, "ನಿನ್ನ ತಪ್ಪನ್ನ ಸ್ಟೂಡೆಂಟ್ಸ್ ಯಾರಾದ್ರೂ ಹಿಡಿದ್ರಾ?" ಎಂದು ಕೇಳಿದರು.

"ಇಲ್ಲ ಸರ್," ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ನಿನ್ನ ಕಂಡ್ರೆ ಹೆದರ್ತಾರೆ. ಪಾಠ ಸರಿಯಾಗಿ ಮಾಡ್ತಿಲ್ಲ ಬಿಡು."

ಅದೇ ನಮ್ಮ ಕೊನೆಯ ಭೇಟಿ. ಮರುವರ್ಷ ಸರ್ ತೀರಿಕೊಂಡರು.

ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಮೇಜಿನ ಮುಂದೆ ನಿಂತು, "ಮೇಡಂ, ನಿಮ್ಮ ಪೇಪರಲ್ಲಿ ಒಂದು ಕಡೆ ತಪ್ಪಿದೆ ಅನ್ಸುತ್ತೆ," ಎಂದಳು. ನೋಡಿದೆ. ಹೌದು, ತಪ್ಪಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ, ಅದರ ಹಿಂದೆಯೇ ಎಂಥದೋ ಸಂತೋಷ. ಆಗಲೇ ಭದ್ರಾವತಿ ಬಸ್ಸು ಹತ್ತಿ ಹೇಳಿಬರೋಣ ಎನಿಸಿತು. ಹೇಳೋಣವೆಂದರೆ ಸರ್ ಇಲ್ಲ.